ಡೀಸೆಲ್ ಬ್ಯಾನ್ ಮಾಡೋ ಮುಂಚೆ ಜನರೇಟರ್ ನಿಲ್ಲಿಸಿ

ಏಪ್ರಿಲ್‌ನಲ್ಲಿ ಲಾರಿ ಮುಷ್ಕರ ಆಯ್ತಲ್ಲ, ನೆನಪಿದೆಯಾ? 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಲೀಟರಿಗೆ 2 ರೂಪಾಯಿ ಜಾಸ್ತಿಯಾಯ್ತು. 14ರ ಮಧ್ಯರಾತ್ರಿಯಿಂದ ಲಾರಿಗಳು ನಿಂತವು. ಮಾರನೇ ದಿನ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಎರಡೇ ಚಿಂತೆ: ತರಕಾರಿ ಬರತ್ತಾ? ನೀರಿನ ಟ್ಯಾಂಕರ್ ಬರತ್ತಾ?

ಆಗ ಒಬ್ಬರು ಬರೆದರು: "ಈ ಲಾರಿಯವರದ್ದು ಯಾವಾಗ್ಲೂ ಬ್ಲ್ಯಾಕ್‌ಮೇಲ್. ಡೀಸೆಲ್ ಗಾಡಿಗಳನ್ನೇ ಬ್ಯಾನ್ ಮಾಡಿಬಿಟ್ರೆ ಹೊಗೆನೂ ಹೋಗತ್ತೆ, ಕಾಟನೂ ತಪ್ಪತ್ತೆ." ಅದಕ್ಕೆ 31 ಲೈಕು. ಅದರಲ್ಲೊಂದು ನನ್ನದು. ಮೆಟ್ರೋದಲ್ಲಿ ನಿಂತ್ಕೊಂಡು, ಓದಿ, ಹೆಬ್ಬೆರಳು ಒತ್ತಿ, ಮರೆತುಬಿಟ್ಟಿದ್ದೆ.

ಅವತ್ತು ಸಂಜೆ ಕರೆಂಟ್ ಹೋಯ್ತು. ಹತ್ತು ಸೆಕೆಂಡೂ ಆಗಿಲ್ಲ, ಕೆಳಗೆ ಜನರೇಟರ್ ಗುಡುಗಿತು. ಲಿಫ್ಟ್ ಮತ್ತೆ ಹೊರಟಿತು, ವೈಫೈ ಬಂತು, ಗ್ರೂಪಲ್ಲಿ ಚರ್ಚೆ ಒಂದು ಕ್ಷಣವೂ ನಿಲ್ಲಲಿಲ್ಲ. ನಮ್ಮಪ್ಪ ಬಾಲ್ಕನಿಯಲ್ಲಿ ಕೂತಿದ್ದರು. ಎದೆ ತೋರಿಸೋಕೆ ಅಂತ ಊರಿಂದ ಬಂದಿದ್ದರು. ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿಸಿಕೊಂಡು ಅಂದರು: "ಆರು ಸಿಲಿಂಡರಿಂದು. ಇಂಜೆಕ್ಟರ್ ಬಿಚ್ಚಿ ನೋಡ್ಸಕ್ಕೆ ಹೇಳಪ್ಪ, ಹೊಗೆ ಕರ್ರಗೆ ಬರ್ತಾ ಐತೆ."

ಅಪ್ಪ 26 ವರ್ಷ ಲಾರಿ ಓಡಿಸಿದವರು. ಮೊದಲು ಬೇರೆಯವರ ಗಾಡಿಗೆ ಡ್ರೈವರ್, ಆಮೇಲೆ ಸಾಲ ಮಾಡಿ ತಗೊಂಡ ಒಂದೇ ಒಂದು ಸ್ವಂತ ಲಾರಿ. ತಿಪಟೂರಿನಲ್ಲಿ ಕೊಬ್ಬರಿ ಲೋಡ್ ಮಾಡಿಕೊಂಡು ಉತ್ತರಕ್ಕೆ ಹೊರಟರೆ ಮನೆಗೆ ವಾಪಸ್ ಬರೋದು ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ. ನನ್ನ ಎಂಜಿನಿಯರಿಂಗ್ ಫೀಸು, ಹಾಸ್ಟೆಲ್ಲು, ಮೊದಲ ಲ್ಯಾಪ್‌ಟಾಪು, ಎಲ್ಲವೂ ಡೀಸೆಲ್ಲಿನ ದುಡ್ಡು. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ "ನೀನು ಲಾರಿಯವರ ಕಡೆ" ಅಂತ ಯಾರೂ ಕಂಡುಹಿಡಿಯೋ ಕಷ್ಟ ಬೇಡ. ಹೌದು, ನಾನು ಲಾರಿಯವರ ಕಡೆ.

ಆದರೆ ಡೀಸೆಲ್ಲಿನ ಕಡೆ ಅಲ್ಲ. ಮಾರನೇ ದಿನ ಡಾಕ್ಟರ್ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಸಿಗರೇಟು?" ಅಪ್ಪ ಬೀಡಿ ಕೂಡ ಮುಟ್ಟಿದವರಲ್ಲ. ಎರಡನೇ ಪ್ರಶ್ನೆ, "ಏನು ಕೆಲಸ ಮಾಡ್ತಿದ್ರಿ?" ಉತ್ತರ ಕೇಳಿ ಡಾಕ್ಟರ್ ತಲೆಯಾಡಿಸಿದರು. ಧೂಳು, ಹೊಗೆ, ವಯಸ್ಸು ಎಲ್ಲಾ ಸೇರಿರತ್ತೆ, ಇಂಥದ್ದರಿಂದಲೇ ಅಂತ ಬೊಟ್ಟು ಮಾಡಕ್ಕಾಗಲ್ಲ ಅಂದರು. ಇರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು, ಕಲ್ನಾರು ಇರೋ ಗುಂಪು ಅದು. ಅಷ್ಟು ಹೊತ್ತಿಗೆ ಅಪ್ಪ ಸ್ಟೀರಿಂಗ್ ಬಿಟ್ಟು ಎರಡು ವರ್ಷ ಆಗಿತ್ತು.

ಹಾಗಾಗಿ ಡೀಸೆಲ್ ಹೋಗಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ನನ್ನ ಜಗಳ ಇರೋದು ಒಂದೇ ವಿಷಯಕ್ಕೆ: ಯಾರು ಮೊದಲು ಬಿಡಬೇಕು? ಬಿಡೋಕೆ ಆಗೋರು ಮೊದಲು ಬಿಡಬೇಕು. ಅಂದರೆ ನಾವು. ನಾವು ಮಾಡ್ತಿರೋದು ಇದಕ್ಕೆ ಪೂರ್ತಿ ಉಲ್ಟಾ.

ಬಡವರ ಎಣ್ಣೆ, ಸಾಹೇಬರ ಗಾಡಿ

ಮೊದಲು ಲೆಕ್ಕ ನೋಡೋಣ. 2023–24ರಲ್ಲಿ ದೇಶ ಸುಟ್ಟ ಡೀಸೆಲ್ ಸುಮಾರು 9 ಕೋಟಿ ಟನ್. ಪೆಟ್ರೋಲ್ ಸುಮಾರು 3.7 ಕೋಟಿ ಟನ್. ನಾವು ಬೈಕು, ಕಾರು ಅಂತ ಮಾತಾಡೋದೆಲ್ಲ ಹೆಚ್ಚುಕಡಿಮೆ ಆ ಸಣ್ಣ ಅಂಕಿಯ ಬಗ್ಗೆ. ದೊಡ್ಡ ಅಂಕಿ ಇರೋದು ಲಾರಿ, ಬಸ್ಸು, ಟ್ರ್ಯಾಕ್ಟರು, ಜೆಸಿಬಿ, ಟ್ಯಾಂಕರು, ಜನರೇಟರುಗಳಲ್ಲಿ. ದೇಶ ಹೊಟ್ಟೆಗೆ ತಿನ್ನೋದೇ ಡೀಸೆಲ್ಲಿನ ಮೇಲೆ.

ಅದಕ್ಕೇ ನಮ್ಮ ಸರ್ಕಾರಗಳು ದಶಕಗಟ್ಟಲೆ ಡೀಸೆಲ್ ಬೆಲೆಯನ್ನು ಹಿಡಿದಿಟ್ಟವು. ರೈತರಿಗೆ, ಬಸ್ಸಿನವರಿಗೆ, ಲಾರಿಯವರಿಗೆ ಅಂತ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ನಿಯಂತ್ರಣ ತೆಗೆದರು, ಡೀಸೆಲ್ ಮಾತ್ರ 2014ರ ಅಕ್ಟೋಬರ್‌ವರೆಗೂ ಸರ್ಕಾರದ ಹಿಡಿತದಲ್ಲೇ ಇತ್ತು. ಮಧ್ಯದಲ್ಲಿ ಎರಡರ ಬೆಲೆಯ ಅಂತರ ಲೀಟರಿಗೆ 25 ರೂಪಾಯಿಯನ್ನೂ ದಾಟಿತ್ತು. ಆಗ ಏನಾಯ್ತು? ಇದ್ದಕ್ಕಿದ್ದಂಗೆ ನಮ್ಮಂಥವರಿಗೆಲ್ಲ ಡೀಸೆಲ್ ಕಾರಿನ ಮೇಲೆ ಪ್ರೀತಿ ಬಂತು. ಹೊಸದಾಗಿ ಮಾರಾಟವಾಗೋ ಕಾರುಗಳಲ್ಲಿ ಹತ್ತಿರಹತ್ತಿರ ಅರ್ಧ ಡೀಸೆಲ್ ಆದವು. ರೈತನ ಹೆಸರಲ್ಲಿ ಕೊಟ್ಟ ಸಬ್ಸಿಡಿಯಲ್ಲಿ ನಾವು ಎಸ್‌ಯುವಿ ಹತ್ತಿ ಕೂರ್ಗಿಗೆ ಹೋಗಿಬಂದೆವು. ಬಂಕಲ್ಲಿ ಅಪ್ಪನ ಲಾರಿ ಹಿಂದೆ ನಿಂತ ಸಾಹೇಬರ ಗಾಡಿಗೂ ಅದೇ ರೇಟು.

2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂತು. ಡೀಸೆಲ್ ಎಂಜಿನ್ನಿನ ಹೊಗೆ ಶುದ್ಧ ಮಾಡೋ ಸಾಮಾನು ದುಬಾರಿ, ಚಿಕ್ಕ ಕಾರಿಗೆ ಹಾಕಿದರೆ ಗಿಟ್ಟೋದಿಲ್ಲ. ದೇಶದ ಅತಿ ದೊಡ್ಡ ಕಾರು ಕಂಪನಿ ಮಾರುತಿಯೇ ಡೀಸೆಲ್ ಕೈಬಿಟ್ಟಿತು. ನಾವು ಆರಾಮಾಗಿ ಪೆಟ್ರೋಲಿಗೆ ವಾಪಸ್ ಬಂದು, ಈಗ ಅಲ್ಲಿಂದ ಇವಿಗೆ ಹಾರ್ತಾ ಇದ್ದೀವಿ. ಅದಕ್ಕೂ ರಿಯಾಯ್ತಿ ಇತ್ತು. ಕರ್ನಾಟಕ 2016ರಿಂದ ಇವಿಗಳಿಗೆ ರಸ್ತೆ ತೆರಿಗೆಯನ್ನೇ ಮಾಫಿ ಮಾಡಿತ್ತು. 25 ಲಕ್ಷಕ್ಕಿಂತ ದುಬಾರಿ ಇವಿಗೆ ಶೇ. 10 ತೆರಿಗೆ ಹಾಕೋ ಧೈರ್ಯ ಬಂದಿದ್ದು 2024ರಲ್ಲಿ. ಎಂಟು ವರ್ಷ ಐಷಾರಾಮಿ ಕಾರಿನವರು ಹಸಿರು ಅನ್ನೋ ಹೆಸರಲ್ಲಿ ಒಂದು ರೂಪಾಯಿ ರಸ್ತೆ ತೆರಿಗೆ ಕಟ್ಟದೆ ಓಡಾಡಿದರು. ಅದೇ ರಸ್ತೆಯಲ್ಲಿ ಒಂದೇ ಲಾರಿ ಇಟ್ಟುಕೊಂಡವನು ತೆರಿಗೆ, ಟೋಲು, ಪರ್ಮಿಟ್ಟು, ಎಫ್‌ಸಿ, ಇನ್ಶೂರೆನ್ಸು ಎಲ್ಲಾ ಕಟ್ಟಿಕೊಂಡು ಹೋಗ್ತಿದ್ದ.

ಇವಿ ತಗೋಬೇಡಿ ಅಂತ ಹೇಳ್ತಿಲ್ಲ. ತಗೊಳ್ಳಿ. ನಾನೂ ಒಂದು ಇ-ಸ್ಕೂಟರ್ ಇಟ್ಟಿದ್ದೀನಿ. ಆದರೆ ಅದರ ಮೇಲೆ ಕೂತ್ಕೊಂಡು ಲಾರಿಯವನಿಗೆ ಪರಿಸರ ಪಾಠ ಮಾಡಬೇಡಿ. ಅವನ ಮುಂದೆ ಶೋರೂಮ್ ಇಲ್ಲ.

ಹೊಂಗೆ, ಕಬ್ಬು, ಹೈಡ್ರೋಜನ್ ಮತ್ತು ಇತರ ಪವಾಡಗಳು

"ಬದಲಿ ಇಂಧನ ಬರ್ತಿದೆಯಲ್ಲ" ಅಂತೀರಿ. ಬರ್ತಾನೇ ಇದೆ, ನೂರಿಪ್ಪತ್ತೈದು ವರ್ಷದಿಂದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಎಂಜಿನ್ನಿಗೆ ಏನು ಹಾಕಿದರೂ ನಡೆಯತ್ತೆ. ಪ್ರಶ್ನೆ ಯಾವಾಗಲೂ ಎಷ್ಟು ಸಿಗತ್ತೆ, ಯಾವ ರೇಟಿಗೆ ಸಿಗತ್ತೆ ಅನ್ನೋದು.

ನಮ್ಮದೇ ಹೊಂಗೆ ಕಥೆ ತಗೊಳ್ಳಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಜನರೇಟರ್ ಓಡಿಸಿ ಹಳ್ಳಿಗಳಲ್ಲಿ ನೀರೆತ್ತಬಹುದು ಅಂತ ಮಾಡಿ ತೋರಿಸಿದ್ದರು. ಸೊಗಸಾದ ಕೆಲಸ. ಅದರ ಬೆನ್ನಲ್ಲೇ ರಾಜ್ಯದಲ್ಲಿ 2009ರಲ್ಲಿ ಜೈವಿಕ ಇಂಧನ ನೀತಿ ಬಂತು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆಯ್ತು, "ಬರಡು ಬಂಗಾರ" ಅಂತೆಲ್ಲ ಯೋಜನೆಗಳು ಬಂದವು. ಅದೇ ವರ್ಷ ಕೇಂದ್ರದ ನೀತಿ 2017ರೊಳಗೆ ಶೇ. 20 ಜೈವಿಕ ಇಂಧನ ಬೆರೆಸ್ತೀವಿ ಅಂದಿತು. 2018ರ ಹೊಸ ನೀತಿಯಲ್ಲಿ ಡೀಸೆಲ್ಲಿನ ಗುರಿ ಶೇ. 5ಕ್ಕೆ ಇಳಿದು, ಗಡುವು 2030ಕ್ಕೆ ಹೋಯ್ತು. ಇವತ್ತಿಗೂ ಬೆರಕೆ ಆಗ್ತಿರೋದು ಶೇ. 1ಕ್ಕಿಂತ ಕಡಿಮೆ.

ಯಾಕೆ ಅಂತ ತಿಳಿಯೋಕೆ ನಮ್ಮೂರಿನ ಕೆರೆ ಏರಿ ಮೇಲೆ ನಿಂತರೆ ಸಾಕು. ಹೊಂಗೆ ಮರ ನೆಟ್ಟ ಮೇಲೆ ಸರಿಯಾಗಿ ಕಾಯಿ ಬಿಡೋಕೆ ವರ್ಷಗಳು ಬೇಕು. ಕಾಯಿ ಕೈಯಲ್ಲಿ ಆಯಬೇಕು, ಒಣಗಿಸಬೇಕು, ಸಿಪ್ಪೆ ಬಿಡಿಸಬೇಕು. ನಾಲ್ಕು ಕೆಜಿ ಬೀಜ ಗಾಣಕ್ಕೆ ಹಾಕಿದರೆ ಒಂದು ಕೆಜಿ ಎಣ್ಣೆ. ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ 20 ಕೆಜಿ ಬೀಜ ಕೊಟ್ಟಿತು ಅಂತ ಧಾರಾಳವಾಗಿ ಅಂದುಕೊಂಡರೂ ಸಿಗೋದು 5 ಕೆಜಿ ಎಣ್ಣೆ. ದೇಶದ ಡೀಸೆಲ್ಲಿನ ಶೇ. 5 ಅಂದರೆ 45 ಲಕ್ಷ ಟನ್. ಅಷ್ಟಕ್ಕೆ 90 ಕೋಟಿ ಮರ ಬೇಕು, ಪ್ರತಿ ಮರದ ಕೆಳಗೂ ಕಾಯಿ ಆಯೋರು ಬೇಕು. ಹೊಂಗೆ ನೆರಳಿಗೆ ಒಳ್ಳೇದು, ಹಿಂಡಿ ಗೊಬ್ಬರಕ್ಕೆ ಒಳ್ಳೇದು, ಊರಿನ ಪಂಪ್‌ಸೆಟ್ಟಿಗೆ ಒಳ್ಳೇದು. ರಾಷ್ಟ್ರೀಯ ಹೆದ್ದಾರಿಯನ್ನ ಅದರ ಹೆಗಲ ಮೇಲೆ ಹೊರಿಸಬೇಡಿ.

ಎಥೆನಾಲ್? ಇ20 ಬಂತು ಅಂತ ಬಂಕುಗಳಲ್ಲಿ ಬೋರ್ಡ್ ಹಾಕಿದ್ದಾರೆ. ಸರಿ, ಆದರೆ ಅದು ಹೋಗೋದು ಪೆಟ್ರೋಲಿಗೆ, ಅಂದರೆ ಆ 3.7 ಕೋಟಿ ಟನ್ನಿಗೆ. ಲಾರಿಗೆ ಅದರಿಂದ ಬಿಡಿಗಾಸಿನ ಉಪಯೋಗ ಇಲ್ಲ. ಅದರ ಒಂದು ಪಾಲು ಕಬ್ಬಿನಿಂದ ಬರೋದು. ಕಬ್ಬು ಎಷ್ಟು ನೀರು ಕುಡಿಯತ್ತೆ ಅಂತ ಮಂಡ್ಯದವರನ್ನ ಕೇಳಿ. ಕಾವೇರಿ ನೀರಿಗೆ ಬಂದ್ ಮಾಡೋ ಊರಲ್ಲಿ ಅದೇ ನೀರನ್ನ ಕಾರಿನ ಟ್ಯಾಂಕಿಗೆ ತುಂಬಿಸೋದು ಸುಸ್ಥಿರ ಅಂತ ಯಾರಾದರೂ ಹೇಳಿದರೆ ನನಗೆ ನಗು ಬರತ್ತೆ.

ಹೈಡ್ರೋಜನ್? ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಬೇಕು, ಅದನ್ನ ಒತ್ತಿ ಸಿಲಿಂಡರಿಗೆ ತುಂಬಬೇಕು, ಗಾಡಿಯೊಳಗೆ ಮತ್ತೆ ಕರೆಂಟ್ ಮಾಡಬೇಕು. ಇಷ್ಟೆಲ್ಲ ಆಗೋ ಹೊತ್ತಿಗೆ ಮೊದಲು ಹಾಕಿದ ಕರೆಂಟಿನ ಮೂರರಲ್ಲೊಂದು ಪಾಲು ಚಕ್ರಕ್ಕೆ ತಲುಪಿದರೆ ಪುಣ್ಯ. ಅದೇ ಕರೆಂಟನ್ನ ಬ್ಯಾಟರಿಗೆ ಹಾಕಿದರೆ ಮುಕ್ಕಾಲು ಪಾಲು ತಲುಪತ್ತೆ. ಉಕ್ಕಿನ ಕಾರ್ಖಾನೆಗೆ, ಗೊಬ್ಬರದ ಕಾರ್ಖಾನೆಗೆ ಹೈಡ್ರೋಜನ್ ಬೇಕೇ ಬೇಕು. ಸಿಟಿ ಬಸ್ಸಿಗೆ ಅದು ದುಬಾರಿ ಶೋಕಿ.

ಈ ಪವಾಡಗಳ ಕೆಲಸ ಒಂದೇ. "ಇನ್ನೇನು ಬರತ್ತೆ" ಅಂತ ಹೇಳಿ ಇವತ್ತು ಮಾಡಬೇಕಾದ್ದನ್ನ ನಾಳೆಗೆ ತಳ್ಳೋದು.

ಎಂಟು ಟನ್ನಿನ ಬ್ಯಾಟರಿ

ಹಾಗಾದರೆ ಎಲ್ಲಾ ಲಾರಿಗೂ ಬ್ಯಾಟರಿ ಹಾಕಿಬಿಡೋಣ ಅಂತೀರಾ? ಅಪ್ಪನ ಲಾರಿಯದ್ದೇ ಲೆಕ್ಕ ಹಾಕಿದೆ. 300 ಲೀಟರ್ ಟ್ಯಾಂಕು, ಲೀಟರಿಗೆ 4 ಕಿ.ಮೀ, ಒಂದು ಸಲ ತುಂಬಿಸಿದರೆ 1,200 ಕಿ.ಮೀ. ಒಂದು ಲೀಟರ್ ಡೀಸೆಲ್ಲಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರತ್ತೆ. 300 ಲೀಟರ್ ಅಂದರೆ 3,000 ಯೂನಿಟ್. ಎಂಜಿನ್ ಅದರಲ್ಲಿ ಶೇ. 40ರಷ್ಟನ್ನ ಕೆಲಸಕ್ಕೆ ಹಾಕತ್ತೆ, ಮಿಕ್ಕಿದ್ದು ಬಿಸಿ. ಅಂದರೆ 1,200 ಯೂನಿಟ್ ಬೇಕು. ಈಗಿನ ಲಾರಿ ಬ್ಯಾಟರಿಯಲ್ಲಿ ಒಂದು ಯೂನಿಟ್ ಹಿಡಿದಿಡೋಕೆ ಪೆಟ್ಟಿಗೆ ಸಮೇತ ಆರೇಳು ಕೆಜಿ ತೂಕ ಆಗತ್ತೆ. ಗುಣಿಸಿ ನೋಡಿ, ಹತ್ತಿರಹತ್ತಿರ 8 ಟನ್. ಅಪ್ಪನ ಆರು ಚಕ್ರದ ಲಾರಿ ಹೊರುತ್ತಿದ್ದ ಲೋಡೇ 9–10 ಟನ್. ಕೊಬ್ಬರಿ ಮೂಟೆಗಳನ್ನ ಎಲ್ಲಿಡೋದು?

ಅದೇ ಲೆಕ್ಕವನ್ನ ದಿನಕ್ಕೆ 200–250 ಕಿ.ಮೀ ಓಡಿ ಸಂಜೆ ತನ್ನ ಜಾಗಕ್ಕೇ ವಾಪಸ್ ಬರೋ ಗಾಡಿಗೆ ಹಾಕಿ. ಬ್ಯಾಟರಿ 2 ಟನ್ನಿನ ಒಳಗೇ ಮುಗಿಯತ್ತೆ, ರಾತ್ರಿ ಚಾರ್ಜ್ ಮಾಡಿದರೆ ಸಾಕು. ಯಾವುದು ಅಂಥ ಗಾಡಿ? ಬಿಎಂಟಿಸಿ ಬಸ್ಸು. ನೀರಿನ ಟ್ಯಾಂಕರು. ಕಸದ ಲಾರಿ. ಹಾಲಿನ ವ್ಯಾನು. ಆನ್‌ಲೈನ್ ಡಬ್ಬ ತರೋ ಟೆಂಪೋ. ನಿಮ್ಮ ಆಫೀಸಿನ ಕ್ಯಾಬು, ಮಗುವಿನ ಸ್ಕೂಲ್ ಬಸ್ಸು. ಎಲ್ಲವೂ ಊರೊಳಗೆ, ನಮ್ಮ ಮೂಗಿನ ಕೆಳಗೆ ಹೊಗೆ ಬಿಡೋವು. ಎಲ್ಲದರ ಬಿಲ್ಲು ಕಟ್ಟೋರೂ ನಾವೇ. ಇವತ್ತು, ಈಗಿರೋ ತಂತ್ರಜ್ಞಾನದಲ್ಲೇ ಬದಲಾಗಬಹುದಾದ ಗಾಡಿಗಳು ಇವು.

ಬೆಂಗಳೂರಲ್ಲಿ ಎಲೆಕ್ಟ್ರಿಕ್ ಬಸ್ ಪ್ರಯೋಗ ನಡೆದಿದ್ದು 2014ರಲ್ಲಿ. ಸೇವೆಗೆ ಇಳಿದಿದ್ದು 2021ರ ಕೊನೆಗೆ. ಈಗ ಸಾವಿರಕ್ಕೂ ಹೆಚ್ಚು ಇ-ಬಸ್ ಓಡ್ತಿವೆ, ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇನ್ನೂ ಸುಮಾರು 4,500 ಮಂಜೂರಾಗಿವೆ. ಒಳ್ಳೇದು. ಆದರೆ ಅದರಲ್ಲಿ ಹತ್ತೋರು ಯಾರು? ಬಿಎಂಟಿಸಿಯಲ್ಲಿ ದಿನಾ ಸುಮಾರು 40 ಲಕ್ಷ ಜನ ಓಡಾಡ್ತಾರೆ, ಡೀಸೆಲ್ ದುಬಾರಿ ಅನ್ನೋದೂ ಒಂದು ಕಾರಣ ಕೊಟ್ಟು 2025ರ ಜನವರಿ 5ರಿಂದ ಅವರ ಟಿಕೆಟ್ ದರ ಶೇ. 15 ಏರಿಸಿದರು. ನಮ್ಮ ಗ್ರೂಪಲ್ಲಿ ಆ ಬಗ್ಗೆ ಒಂದು ಮೆಸೇಜೂ ಬರಲಿಲ್ಲ. ಬಸ್ಸಲ್ಲಿ ಹೋಗೋ ಮನೆಕೆಲಸದವರು, ಸೆಕ್ಯೂರಿಟಿಯವರು ಆ ಗ್ರೂಪಲ್ಲಿ ಇಲ್ಲವಲ್ಲ.

ರೈಲು ಪಕ್ಕದಲ್ಲೇ ಹೋಗ್ತಿತ್ತು

ದೂರದ ಲಾರಿಗಳ ಕಥೆ? ಅದಕ್ಕೆ ಉತ್ತರ ನಮ್ಮೂರಲ್ಲಿ ದಿನಾ ಕೂಗಿಕೊಂಡು ಹೋಗ್ತಿತ್ತು. ತಿಪಟೂರು ಇರೋದೇ ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಉರುಳೋಕೆ ಬೇಕಾದ ಶಕ್ತಿ, ಟಾರು ರಸ್ತೆ ಮೇಲೆ ಟಯರು ಉರುಳೋದರ ಒಂದು ಸಣ್ಣ ಪಾಲು. ಮೇಲಿಂದ ತಂತಿ ಎಳೆದರೆ ಬ್ಯಾಟರಿಯ ಭಾರವೂ ಇಲ್ಲ. ಆದರೂ ಕೊಬ್ಬರಿ ಯಾಕೆ ಲಾರಿಯಲ್ಲಿ ಹೋಗ್ತಿತ್ತು? ರೈಲ್ವೆಗೆ ಇಡೀ ರೇಕ್ ತುಂಬಿಸೋ ಗಿರಾಕಿ ಬೇಕು. ಹತ್ತು ಟನ್ ಕಳಿಸೋ ಮಂಡಿ ಸಾಹುಕಾರ ಬೇಡ. ಯಾವತ್ತು ತಲುಪತ್ತೆ ಅಂತ ಹೇಳೋರಿಲ್ಲ. ಜನರ ಟಿಕೆಟ್ ಅಗ್ಗ ಇಡೋಕೆ ಸರಕಿನ ಬಾಡಿಗೆ ಮೇಲೆ ಹೊರೆ ಹಾಕ್ತಾರೆ. ಲಾರಿ ಅಂಗಡಿ ಬಾಗಿಲಿಗೇ ಬರತ್ತೆ, ಡ್ರೈವರ್‌ಗೆ ಫೋನ್ ಮಾಡಿದರೆ ಎಲ್ಲಿದ್ದೀನಿ ಅಂತ ಹೇಳ್ತಾನೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನ ಶೇ. 80ಕ್ಕಿಂತ ಹೆಚ್ಚು ರೈಲಲ್ಲೇ ಹೋಗ್ತಿತ್ತು. ಇವತ್ತು ಮೂರರಲ್ಲೊಂದು ಪಾಲೂ ಇಲ್ಲ. ಹೀಗೆ ರಸ್ತೆಗೆ ಬಂದ ಪ್ರತಿ ಟನ್ನೂ ಡೀಸೆಲ್. ಕೊಂಕಣ ರೈಲ್ವೆ 1999ರಿಂದಲೇ ಲಾರಿಗಳನ್ನ ಸರಕು ಸಮೇತ ರೈಲಿನ ಮೇಲೆ ಹತ್ತಿಸಿಕೊಂಡು ಹೋಗ್ತಿದೆ, ಸುರತ್ಕಲ್ ಹತ್ತಿರ ನಿಂತರೆ ನೋಡಬಹುದು. ಡ್ರೈವರ್ ಕ್ಯಾಬಿನ್ನಲ್ಲಿ ಮಲಗಿರ್ತಾನೆ, ಘಾಟಿ ರಸ್ತೆ ಇಲ್ಲ, ಡೀಸೆಲ್ ಖರ್ಚಿಲ್ಲ. 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರಕ್ಕೂ ಇಂಥ ರೈಲು ಬಿಟ್ಟರು. ಇಂಥದ್ದು ದೇಶದ ಹತ್ತಾರು ಮಾರ್ಗಗಳಲ್ಲಿ ದಿನಾ ಓಡಬೇಕಿತ್ತು. ಸರಕಿಗೇ ಮೀಸಲಾದ ಎರಡು ದೊಡ್ಡ ರೈಲು ಕಾರಿಡಾರ್ ಕಟ್ಟಿದರು, ಎರಡೂ ಉತ್ತರ ಮತ್ತು ಪಶ್ಚಿಮದಲ್ಲಿ. ದಕ್ಷಿಣಕ್ಕೆ ಒಂದೂ ಇಲ್ಲ. ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಮಾತ್ರ ಬರವಿಲ್ಲ, ನಾವೂ ಅದರ ರೀಲ್ ಮಾಡಿ ಹಾಕ್ತೀವಿ.

ಬಿಲ್ಲು ಯಾರ ಕೈಗೆ?

2023ರಲ್ಲಿ ತರುಣ್ ಕಪೂರ್ ನೇತೃತ್ವದ ಸಮಿತಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯಕ್ಕೆ ಒಂದು ಶಿಫಾರಸು ಕೊಟ್ಟಿತ್ತು. 10 ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಲ್ಲಿ ಡೀಸೆಲ್ ನಾಲ್ಕು ಚಕ್ರದ ಗಾಡಿಗಳನ್ನ 2027ರೊಳಗೆ ನಿಷೇಧಿಸಿ ಅಂತ. ನನ್ನ ಪ್ರಕಾರ ಸರಿಯಾದ ಜಾಗದಿಂದ ಶುರುಮಾಡಿದ್ದರು, ಊರೊಳಗಿನ ಕಾರಿನಿಂದ. ದೊಡ್ಡ ಗಲಾಟೆ ಆಯ್ತು, ವರದಿ ವರದಿಯಾಗೇ ಉಳೀತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಬಂಕಲ್ಲಿ ಎಣ್ಣೆ ಹಾಕಲ್ಲ ಅಂತ 2025ರ ಜುಲೈ 1ರಂದು ಶುರುಮಾಡಿದರು. ವಾರ ಕಳೆಯೋ ಮೊದಲೇ ಹಿಂದೆ ಸರಿದರು. ಕಾರಿನವರು ಕೂಗಿದರೆ ಸರ್ಕಾರಕ್ಕೆ ಕೇಳಿಸತ್ತೆ.

ಲಾರಿಯವರು ಕೂಗಿದರೆ ಅದು "ಬ್ಲ್ಯಾಕ್‌ಮೇಲ್". ನಮ್ಮ ದೇಶದಲ್ಲಿ ಲಾರಿ ಇಟ್ಟುಕೊಂಡವರಲ್ಲಿ ಬಹುಪಾಲು ಜನ ಒಂದೋ ಎರಡೋ ಗಾಡಿಯವರು. ಮನೆ ಮೇಲೆ ಸಾಲ, ಹೆಂಡತಿ ಒಡವೆ ಬ್ಯಾಂಕಲ್ಲಿ. ಗಾಡಿ ಹತ್ತು ವರ್ಷಕ್ಕೆ ಗುಜರಿ ಅಂದರೆ, ಕಂತು ತೀರಿ ನಾಲ್ಕು ಕಾಸು ಕಾಣೋ ಹೊತ್ತಿಗೆ ಕೈಯಿಂದ ಕಿತ್ತುಕೊಂಡಂಗೆ. ಇ-ಲಾರಿ ಬೆಲೆ ಡೀಸೆಲ್ ಲಾರಿಗಿಂತ ಎರಡು ಪಟ್ಟಿಗೂ ಹೆಚ್ಚು. ನಿಮಗೆ ಕಾರ್ ಲೋನ್ ಮೊಬೈಲಲ್ಲೇ ಹತ್ತು ನಿಮಿಷಕ್ಕೆ ಆಗತ್ತೆ. ಹಳೇ ಲಾರಿಯವನು ಬ್ಯಾಂಕಿಗೆ ಹೋದರೆ ಕೂರು ಅಂತಾನೂ ಅನ್ನಲ್ಲ.

ದೆಹಲಿಯಲ್ಲೇ ಒಂದು ಒಳ್ಳೆ ಉದಾಹರಣೆನೂ ಇದೆ. ಬಸ್ಸುಗಳೆಲ್ಲ ಸಿಎನ್‌ಜಿ ಆಗಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶ ಮಾಡಿತು. ಕಿರಿಚಾಟ, ಮೈಲುದ್ದ ಕ್ಯೂ ಎಲ್ಲಾ ಆದ ಮೇಲೆ 2002ರ ಕೊನೆಗೆ ಬಸ್ಸುಗಳು ಬದಲಾದವು, ಜನಕ್ಕೆ ಕಣ್ಣಿಗೆ ಕಾಣೋ ಹಾಗೆ ಹೊಗೆ ಇಳೀತು. ಆಮೇಲೆ ಏನಾಯ್ತು? ಬಡವರು ಹತ್ತೋ ಬಸ್ಸು, ಆಟೋ ಬದಲಾದ ಮೇಲೆ ಉಳ್ಳವರು ಅಗ್ಗದ ಡೀಸೆಲ್ ಕಾರು ಕೊಂಡು ಆ ಗಳಿಕೆಯನ್ನ ತಿಂದುಹಾಕಿದರು. ಬಸ್ಸಿಗೆ ಆದ ಕಡ್ಡಾಯ ಕಾರಿಗೆ ಆಗಲೇ ಇಲ್ಲ.

ಹಾಗಾಗಿ ನನ್ನ ಪಟ್ಟಿ ಇಷ್ಟೇ. ಮೊದಲು ಅಪಾರ್ಟ್‌ಮೆಂಟು, ಮಾಲು, ಟೆಕ್ ಪಾರ್ಕುಗಳ ಜನರೇಟರ್. ಜೊತೆಗೇ ಊರೊಳಗಿನ ಡೀಸೆಲ್ ಎಸ್‌ಯುವಿ. ಆಮೇಲೆ ಸಂಜೆ ಡಿಪೋಗೆ ವಾಪಸ್ ಬರೋ ಎಲ್ಲಾ ಗಾಡಿ: ಬಸ್ಸು, ಟ್ಯಾಂಕರು, ಟೆಂಪೋ, ಕ್ಯಾಬು. ಅಷ್ಟರೊಳಗೆ ಸಣ್ಣ ಗಿರಾಕಿಯ ಸರಕೂ ರೈಲಿಗೆ ಹೋಗೋ ಹಾಗೆ ಮಾಡಿ. ದೂರದ ಲಾರಿ ಕೊನೆಗೆ. ಅವನ ಸರದಿ ಬಂದಾಗ ಕಡಿಮೆ ಬಡ್ಡಿ ಸಾಲ, ಹಳೇ ಗಾಡಿಗೆ ಮರ್ಯಾದೆಯ ಬೆಲೆ, ಹೆದ್ದಾರಿಯಲ್ಲಿ ಚಾರ್ಜಿಂಗ್ ಮೊದಲು ಇಟ್ಟು ಆಮೇಲೆ ಕಾನೂನು ತನ್ನಿ. ಲೀಟರಿಗೆ ಎರಡು ರೂಪಾಯಿ ಏರಿಸಿ ಖಜಾನೆಗೆ ಹಾಕಿಕೊಳ್ಳೋದು ಇಂಧನ ನೀತಿ ಅಲ್ಲ. ಆ ಎರಡು ರೂಪಾಯಿ ಲಾರಿ ಬದಲಾಯಿಸೋಕೇ ಹೋಗತ್ತೆ ಅಂತ ಬರೆದುಕೊಡಿ, ಮುಷ್ಕರಕ್ಕೆ ಹೋಗಬೇಡಿ ಅಂತ ನಾನೇ ಹೋಗಿ ಹೇಳ್ತೀನಿ.

"ಕರೆಂಟೂ ಕಲ್ಲಿದ್ದಲಿಂದಲೇ ಬರೋದಲ್ವಾ?" ಅಂತ ಕೇಳೋರು ಇದ್ದೇ ಇರ್ತಾರೆ. ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರೀತಿದೆ, ನಿಜ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೂ ಇದೆ. ಸುಮಾರು 13,000 ಎಕರೆ ಬರಡು ನೆಲವನ್ನ ರೈತರು ಗುತ್ತಿಗೆಗೆ ಕೊಟ್ಟು ಕಟ್ಟಿದ್ದು. ನಿಜವಾದ "ಬರಡು ಬಂಗಾರ" ಅದು. ಮಧ್ಯಾಹ್ನ ಡಿಪೋದಲ್ಲಿ ನಿಂತ ಬಸ್ಸಿಗೆ ಆ ಬಿಸಿಲು ತುಂಬಿಸಬಹುದು. ಕರೆಂಟಿನ ಮೂಲ ವರ್ಷವರ್ಷಕ್ಕೂ ಶುದ್ಧ ಆಗಬಹುದು. ಒಂದು ಲೀಟರ್ ಡೀಸೆಲ್ ಸುಟ್ಟರೆ ಬರೋ ಸುಮಾರು 2.7 ಕೆಜಿ ಇಂಗಾಲದ ಡೈ ಆಕ್ಸೈಡ್ ಮಾತ್ರ ಇವತ್ತೂ ಅಷ್ಟೇ, ಇನ್ನು ನೂರು ವರ್ಷಕ್ಕೂ ಅಷ್ಟೇ.

ಕಳೆದ ತಿಂಗಳು ನಾನು ನಮ್ಮ ಮೇಂಟೆನೆನ್ಸ್ ಆಫೀಸಿಗೆ ಹೋಗಿ ಜನರೇಟರಿನ ಲಾಗ್ ಬುಕ್ ಕೇಳಿದೆ. ಮ್ಯಾನೇಜರ್ ಅಚ್ಚರಿಯಿಂದ ನೋಡಿದರು, ಅದನ್ನ ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಏಪ್ರಿಲ್ ಮತ್ತು ಮೇ, ಎರಡೇ ತಿಂಗಳಲ್ಲಿ 2,300 ಲೀಟರ್. ಅಪ್ಪನ ಲಾರಿ ಅಷ್ಟರಲ್ಲಿ ತಿಪಟೂರಿನಿಂದ ದೆಹಲಿಗೆ ಎರಡು ಸಲ ಹೋಗಿ, ಎರಡು ಸಲ ಕೊಬ್ಬರಿ ಇಳಿಸಿ, ವಾಪಸ್ ಬಂದಿರೋದು. ನಾವು ಏಸಿ, ಗೀಸರ್, ಟೀವಿ ಓಡಿಸಿದೆವು.

ಸಭೆಯಲ್ಲಿ ನಾನು ಕೇಳಿದ್ದು ಸಣ್ಣದು: ಕರೆಂಟ್ ಹೋದಾಗ ಜನರೇಟರಿನಿಂದ ಮನೆಗಳಿಗೆ ಏಸಿ, ಗೀಸರ್ ಲೈನ್ ಬೇಡ. ಲಿಫ್ಟು, ನೀರಿನ ಪಂಪು, ಮನೆಗೆ ಎರಡು ಲೈಟು ಒಂದು ಫ್ಯಾನು ಸಾಕು, ಅದನ್ನೂ ಮುಂದಿನ ವರ್ಷದೊಳಗೆ ಬ್ಯಾಟರಿಗೆ ಹಾಕೋಣ. ಲಾರಿಯವರನ್ನ ಬ್ಯಾನ್ ಮಾಡಿ ಅಂದವರು ಎದ್ದು, "ಪ್ರಾಕ್ಟಿಕಲ್ ಆಗಿ ಯೋಚಿಸಿ ಸರ್, ಮನೇಲಿ ವಯಸ್ಸಾದವರಿರ್ತಾರೆ" ಅಂದರು. ನನ್ನ ಮನೇಲೂ ಇದ್ದಾರೆ. ಅವರ ಬಾಲ್ಕನಿ ಜನರೇಟರಿನ ಹೊಗೆ ಕೊಳವೆಗೆ ನೇರ ಮೇಲಿದೆ.

ಮತ ಹಾಕಿದೆವು. ಪರವಾಗಿ 6, ವಿರುದ್ಧ 48. ಮುಂದಿನ ಸಭೆಗೂ ಇದೇ ವಿಷಯ ಬರೆದುಕೊಟ್ಟು ಬಂದಿದ್ದೀನಿ. ನೀವೂ ನಿಮ್ಮ ಬಿಲ್ಡಿಂಗಿನ ಲಾಗ್ ಬುಕ್ ಕೇಳಿ ನೋಡಿ. ಎಷ್ಟು ಲೀಟರ್ ಅಂತ ತಿಳಿದ ಮೇಲೂ ಲಾರಿಯವನ ಮೇಲೆ ಸಿಟ್ಟು ಉಳಿದಿದ್ದರೆ, ಆಗ ಲೈಕ್ ಒತ್ತಿ.